ಮಳೆಯಲ್ಲಿ ವಾಚ್ ಮಾತು ಕೇಳಲಿಲ್ಲ: ತೋಟದಲ್ಲಿ ಓಡಾಡುವ ಅಪ್ಪನಿಗೆ ಯಾವುದು ಕೊಡಿಸಲಿ?

ಕಕ್ಕಬ್ಬೆ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ.

ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೀನಿ. ಅಪ್ಪ, ಅವ್ವ ಕೊಡಗಿನ ಕಕ್ಕಬ್ಬೆ ಹತ್ತಿರ ತೋಟದಲ್ಲಿದ್ದಾರೆ. ಅಪ್ಪನಿಗೆ 71. ಮೂರು ವಾರದ ಹಿಂದೆ, ರಾತ್ರಿಯಿಂದ ಬಿಡದೆ ಹೊಯ್ಯುತ್ತಿದ್ದ ಮಳೆಯಲ್ಲಿ, ತೋಡಿಗೆ (ಹಳ್ಳಕ್ಕೆ) ಅಡ್ಡ ಮರ ಬಿದ್ದಿದೆಯಾ ನೋಡಿಕೊಂಡು ಬರ್ತೀನಿ ಅಂತ ಹೋದವರು ಕಾಫಿ ಗಿಡಗಳ ನಡುವಿನ ಇಳಿಜಾರಿನಲ್ಲಿ ಜಾರಿ ಕೂತುಬಿಟ್ಟರು. ಪಾದ ತಿರುಚಿ ಏಳೋಕೆ ಆಗಲಿಲ್ಲ.

ಫೋನ್ ಅವರ ಹತ್ತಿರವೇ ಇತ್ತು, ಪ್ಲಾಸ್ಟಿಕ್ ಕೊಪ್ಪೆಯ ಒಳಗೆ, ಅಂಗಿ ಜೇಬಿನಲ್ಲಿ. ಹೊರಗೆ ತೆಗೆದರೆ ಒದ್ದೆ ಬೆರಳಿಗೆ ಲಾಕ್ ತೆಗೀಲಿಲ್ಲ. ಕೈಯಲ್ಲಿ ನಾನೇ 70ನೇ ಹುಟ್ಟುಹಬ್ಬಕ್ಕೆ ಕೊಟ್ಟ ವಾಚ್ ಇತ್ತು. ಅದರ ಮೇಲೆ ಬೆರಳಿಟ್ಟರೆ ಒಮ್ಮೆ ಹಾಡಿನ ಪುಟ, ಒಮ್ಮೆ ಹೆಜ್ಜೆ ಲೆಕ್ಕ, ಒಮ್ಮೆ ತಾನಾಗಿ ಬಣ್ಣ ಬದಲಾಯಿಸುವುದು. ಮಳೆ ಹನಿ ಬಿದ್ದಲ್ಲೆಲ್ಲ ಯಾರೋ ಒತ್ತಿದ ಹಾಗೆ ಕುಣೀತಿತ್ತಂತೆ. ಅಂಗಿಯಲ್ಲಿ ಒರೆಸೋಣ ಅಂದರೆ ಅಂಗಿಯೂ ಒದ್ದೆ. ಸುಮಾರು 40 ನಿಮಿಷ ಹಾಗೇ ಕೂತಿದ್ದರು. ಕೊನೆಗೆ ಪಕ್ಕದ ತೋಟದವರಿಗೆ ಕೂಗು ಕೇಳಿಸಿತು.

ಅಪ್ಪ ಈಗ ಆರಾಮ. ಆದರೆ ಅವರು ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗ್ತಿಲ್ಲ: "ಅದಕ್ಕೆ ನಾನು ಮುಟ್ಟಿದ್ದೂ ಮಳೆ ಮುಟ್ಟಿದ್ದೂ ಎರಡೂ ಒಂದೇ."

ನನಗೆ ಹೃದಯ ಬಡಿತ, ನಿದ್ದೆಯ ಅಂಕ ಯಾವುದೂ ಬೇಡ. ನಮ್ಮ ಮಳೆಯಲ್ಲಿ, ಕೆಸರು ಕೈಯಲ್ಲಿ, ಕನ್ನಡಕ ಇಲ್ಲದೆ ಬಳಸಬಹುದಾದದ್ದು ಯಾವುದಿದೆ? ಬಳಸಿದವರು ಹೇಳಿ.

ರಿಪೇರಿ ಅಂಗಡಿ, ಗೋಣಿಕೊಪ್ಪ

ಮೇಡಂ, ನಿಮ್ಮ ಅಪ್ಪ ಹೇಳಿದ್ದು ಅಕ್ಷರಶಃ ಸರಿ. ಜೂನ್ ಬಂತೆಂದರೆ ನನ್ನ ಅಂಗಡಿಗೆ ಇದೇ ದೂರು. "ಟಚ್ ಹೋಗಿದೆ, ಡಿಸ್‌ಪ್ಲೇ ಬದಲಾಯಿಸಿ" ಅಂತ ಬರ್ತಾರೆ. ಒರೆಸಿ, ಒಣಗಿಸಿ ವಾಪಸ್ ಕೊಡ್ತೀನಿ, ಟಚ್ ಸರಿಯಾಗೇ ಇರುತ್ತೆ.

ಈಗಿನ ಗಾಜಿನ ಕೆಳಗೆ ಕಣ್ಣಿಗೆ ಕಾಣದ ತಂತಿಗಳ ಜಾಲರಿ ಇರುತ್ತೆ, ಅದರಲ್ಲಿ ಸಣ್ಣ ವಿದ್ಯುತ್ ಚಾರ್ಜ್. ನಮ್ಮ ದೇಹ ವಿದ್ಯುತ್ ವಾಹಕ, ಹಾಗಾಗಿ ಬೆರಳು ಹತ್ತಿರ ಬಂದ ಕಡೆ ಚಾರ್ಜ್ ಸ್ವಲ್ಪ ಏರುಪೇರಾಗುತ್ತೆ. ಎಲ್ಲಿ ಆಯಿತು ಅಂತ ಚಿಪ್ ಲೆಕ್ಕ ಹಾಕುತ್ತೆ. ಗಾಜು ಒತ್ತಿದ್ದನ್ನು ಅದು ನೋಡೋದೇ ಇಲ್ಲ. ನೀರಿನ ಹನಿಯೂ ಅದೇ ಏರುಪೇರು ಮಾಡುತ್ತೆ, ಅದಕ್ಕೇ ಕುಣಿಯೋದು. ರಬ್ಬರ್ ಗ್ಲೌಸ್ ಹಾಕಿದರೆ ಇದರ ತಿರುಗುಮುರುಗು, ಬೆರಳು ಇದೆ ಅಂತಲೇ ಅದಕ್ಕೆ ಗೊತ್ತಾಗಲ್ಲ. ಹಳೆಯ ಕಾಲದ ಒತ್ತುವ ಪರದೆಗಳು ಬೇರೆ ಥರ ಇದ್ದವು, ಉಗುರಲ್ಲಿ, ಕಡ್ಡಿಯಲ್ಲಿ ಒತ್ತಿದರೂ ಆಗುತ್ತಿತ್ತು.

"ನೀರು ತಾಗಿದರೂ ಕೆಡಲ್ಲ" ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ಅದು ನಿಜವೇ, ಕೆಡಲ್ಲ. ಆದರೆ ನೀರಲ್ಲಿ ಕೆಲಸ ಮಾಡುತ್ತೆ ಅಂತ ಅಲ್ಲಿ ಬರೆದಿಲ್ಲ. ಐಪಿ68 ಅನ್ನೋ ಪರೀಕ್ಷೆ ಸಾದಾ ನೀರಲ್ಲಿ ಮಾಡಿದ್ದು. ಹಂಡೆಯ ಬಿಸಿನೀರು, ಸೋಪು, ಹಬೆ ಇವು ಒಳಗಿನ ರಬ್ಬರ್ ಸೀಲ್ ಅನ್ನು ನಿಧಾನಕ್ಕೆ ಹಾಳು ಮಾಡುತ್ತವೆ. ಅಪ್ಪಯ್ಯನವರಿಗೆ ಸ್ನಾನಕ್ಕೆ ಹೋಗುವಾಗ ಬಿಚ್ಚಿಡೋಕೆ ಹೇಳಿ.

ವಾಚ್ ತಗೊಳ್ಳೋಕೆ ಮುಂಚೆ ಅಂಗಡಿಯವನ ಹತ್ತಿರ ಒಂದು ಲೋಟ ನೀರು ಕೇಳಿ. ಕೈ ಅದ್ದಿ, ವಾಚ್ ಮೇಲೂ ಸುರಿದು, ಆಮೇಲೆ ಒಂದು ಕಾಲ್ ಮಾಡಿ ನೋಡಿ. ಬೇಡ ಅಂದ ಅಂಗಡಿಯಲ್ಲಿ ತಗೋಬೇಡಿ.

ಕರಿಮೆಣಸು ಬಳ್ಳಿ

ನಮ್ಮ ಮನೆಯಲ್ಲೂ ಇದೇ ಕಥೆ. ಮೆಣಸು ಕುಯ್ಯುವಾಗ ಒಂದು ಕೈ ಏಣಿಗೆ, ಒಂದು ಕೈ ಗೊಂಚಲಿಗೆ. ವಾಚ್ ಒತ್ತೋಕೆ ಮೂರನೇ ಕೈ ಎಲ್ಲಿಂದ ತರೋದು? ವಾಚ್ ಇರುವ ಕೈಗೆ ಆ ವಾಚನ್ನು ಮುಟ್ಟೋಕೆ ಆಗಲ್ಲ, ಯಾವಾಗಲೂ ಇನ್ನೊಂದು ಕೈ ಬೇಕೇ ಬೇಕು. ಎರಡೂ ಕೈಗೆ ಕೆಲಸ ಇರೋ ನಮ್ಮಂಥವರನ್ನು ಇದನ್ನು ಮಾಡಿದವರು ನೋಡಿಲ್ಲ ಅನ್ನಿಸುತ್ತೆ.

ತಂತಿ ತಗಡು

ನೋಡಿದವರು ಇದ್ದರು ಅಣ್ಣ, ಅದೇ ಬೇಜಾರು. ನಾನು ವಿರಾಜಪೇಟೆಯವನು, ಬೆಂಗಳೂರಿನಲ್ಲಿ ಸರ್ಕ್ಯೂಟ್ ಕೆಲಸ. ಈ ವಿಷಯ ನನಗೆ ತುಂಬಾ ಇಷ್ಟ, ಸ್ವಲ್ಪ ಹೇಳ್ತೀನಿ.

ಮೈಮೇಲೆ ಧರಿಸುವ ಮೊದಲ ಕಂಪ್ಯೂಟರ್ ಅಂತ ಸಾಮಾನ್ಯವಾಗಿ ಹೆಸರಿಸೋದು ಅಮೆರಿಕದ ಗಣಿತಜ್ಞರಾದ ಎಡ್ವರ್ಡ್ ಥಾರ್ಪ್, ಕ್ಲಾಡ್ ಶಾನನ್ ಇಬ್ಬರೂ ಸೇರಿ 1961ರಲ್ಲಿ ಮಾಡಿದ್ದನ್ನು. ಜೂಜಿನ ಚಕ್ರದಲ್ಲಿ ಚೆಂಡು ಎಲ್ಲಿ ನಿಲ್ಲುತ್ತೆ ಅಂತ ಲೆಕ್ಕ ಹಾಕೋಕೆ. ಸಿಗರೇಟ್ ಪ್ಯಾಕಿನಷ್ಟು ಗಾತ್ರ, 12 ಟ್ರಾನ್ಸಿಸ್ಟರ್. ಕೈಯಲ್ಲಿ ಒತ್ತಿದರೆ ಜೂಜಿನ ಮನೆಯವರು ಹಿಡಿಯುತ್ತಾರೆ, ಅದಕ್ಕೆ ಒತ್ತುವ ಗುಂಡಿಗಳನ್ನು ಬೂಟಿನೊಳಗೆ ಕಾಲಿನ ಹೆಬ್ಬೆರಳ ಕೆಳಗೆ ಇಟ್ಟರು. ಉತ್ತರ ಕಿವಿಯಲ್ಲಿ ಸ್ವರವಾಗಿ ಕೇಳಿಸುತ್ತಿತ್ತು. ಕಿವಿಗೆ ಹೋಗುವ ಕೂದಲೆಳೆಯಂಥ ತಂತಿ ಪದೇ ಪದೇ ತುಂಡಾಗುತ್ತಿತ್ತು ಅನ್ನೋದು ಬಿಟ್ಟರೆ ಯಂತ್ರ ಕೆಲಸ ಮಾಡಿತು. ಅದರ ಉದ್ದೇಶ ಬಿಡಿ. ಕೈಗೂ ಕಣ್ಣಿಗೂ ಬಿಡುವಿಲ್ಲದ ಮನುಷ್ಯ ಯಂತ್ರದ ಜೊತೆ ಹೇಗೆ ಮಾತಾಡಬೇಕು ಅನ್ನೋ ಪ್ರಶ್ನೆಯನ್ನು ಅವರು ಮೊದಲ ದಿನವೇ ಕೇಳಿಕೊಂಡಿದ್ದರು.

1990ರ ದಶಕದಲ್ಲಿ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದವರು ವುಮ್ಯಾನ್ ಅಂತ ಸರಣಿ ಮಾಡಿದರು. ಅದರ ಮೂರನೆಯದು ಸೈನ್ಯದ ವಾಹನಗಳನ್ನು ತಪಾಸಣೆ ಮಾಡುವ ಮೆಕ್ಯಾನಿಕ್‌ಗಳಿಗೆ. ಅವರ ಕೈ ಪೂರ್ತಿ ಗ್ರೀಸ್, ವಾಹನದ ಅಡಿಗೆ ನುಸುಳಿ ಮಲಗಿ ಮಾಡುವ ಕೆಲಸ. ಅವರಿಗೆ ಕೀಬೋರ್ಡ್ ಕೊಡಲಿಲ್ಲ, ಮೌಸ್ ಕೊಡಲಿಲ್ಲ. ಸೊಂಟದ ಪೆಟ್ಟಿಗೆಯಲ್ಲಿ ಒಂದು ದೊಡ್ಡ ತಿರುಗಣಿ, ಜೊತೆಗೆ ಒತ್ತುವ ಗುಂಡಿ, ಅಷ್ಟೇ. ತಿರುಗಿಸಿದರೆ ಪಟ್ಟಿಯಲ್ಲಿ ಮುಂದಿನ ಸಾಲು, ಗುಂಡಿ ಒತ್ತಿದರೆ ಆಯ್ಕೆ. ಗ್ಲೌಸ್ ಹಾಕಿಕೊಂಡೂ ತಿರುಗಿಸಬಹುದಿತ್ತು. ಗ್ರೀಸ್ ಇದ್ದ ಜಾಗದಲ್ಲಿ ಕೆಸರು ಅಂತ ಓದಿಕೊಳ್ಳಿ, ನಮ್ಮ ತೋಟವೇ ಅದು.

2013ರಲ್ಲಿ ಪೆಬಲ್ ಅಂತ ವಾಚ್ ಬಂತು. ಜನರಿಂದಲೇ 1 ಕೋಟಿ ಡಾಲರ್‌ಗಿಂತ ಹೆಚ್ಚು ದುಡ್ಡು ಎತ್ತಿ ಮಾಡಿದ್ದು. ಟಚ್ ಇರಲಿಲ್ಲ, ಬದಿಯಲ್ಲಿ ನಾಲ್ಕು ಗುಂಡಿ. ಬಿಸಿಲಲ್ಲೂ ಕಾಣುವ ಪರದೆ. ನನ್ನ ಹತ್ತಿರ ಒಂದಿತ್ತು, ಕತ್ತಲಲ್ಲಿ, ಕಂಬಳಿಯೊಳಗೆ, ಕಣ್ಣು ಮುಚ್ಚಿಕೊಂಡೇ ಅಲಾರಂ ನಿಲ್ಲಿಸುತ್ತಿದ್ದೆ. 2016ರ ಕೊನೆಗೆ ಆ ಕಂಪನಿ ಮುಚ್ಚಿತು. ಆಮೇಲೆ ಬಂದ ಹೆಚ್ಚಿನ ವಾಚ್‌ಗಳು ಮೊಬೈಲನ್ನೇ ಕುಗ್ಗಿಸಿ ಕೈಗೆ ಕಟ್ಟಿದಂತೆ. ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡ ಗಾಜು, ಅದರ ಅರ್ಧವನ್ನು ನಮ್ಮ ಬೆರಳೇ ಮುಚ್ಚುತ್ತೆ. ಏನು ಒತ್ತುತ್ತಿದ್ದೀವಿ ಅಂತ ನಮಗೇ ಕಾಣಲ್ಲ.

ಅದಕ್ಕೇ ಮಗಳಿಗೆ ನನ್ನ ಸಲಹೆ: ಕಂಪನಿ ಹೆಸರು ನೋಡುವ ಮೊದಲು ಬದಿ ನೋಡಿ. ನಿಜವಾದ ಗುಂಡಿ ಎಷ್ಟಿವೆ, ಅದನ್ನು ಒತ್ತಿ ಹಿಡಿದರೆ ಕಾಲ್ ಹೋಗುತ್ತಾ. ಗಾಜು ಮುಟ್ಟದೆ ಸಹಾಯ ಕರೆಯೋಕೆ ಬಂದರೆ ಮಾತ್ರ ಅದು ಅಪ್ಪನಿಗೆ.

ಕಕ್ಕಬ್ಬೆ ಮಗಳು

ತುಂಬಾ ಧನ್ಯವಾದ. ಇನ್ನೊಂದು ಕೇಳಬೇಕಿತ್ತು. ಈ ವಾಚ್‌ನಲ್ಲಿ ಬಿದ್ದರೆ ತಾನಾಗಿ ಪತ್ತೆ ಹಚ್ಚುವ ವ್ಯವಸ್ಥೆ ಇದೆ ಅಂತಲೇ ನಾನು ತಗೊಂಡಿದ್ದು. ಅವತ್ತು ಅದು ಏನೂ ಮಾಡಲಿಲ್ಲ. ಯಾಕೆ?

ತಂತಿ ತಗಡು

ಎರಡು ಕಾರಣ ಇರಬಹುದು ಅಕ್ಕ.

ವಾಚ್‌ಗೆ "ಮನುಷ್ಯ ಬಿದ್ದ" ಅಂತ ಗೊತ್ತಾಗಲ್ಲ. ಒಳಗಿನ ಸಂವೇದಕ ವೇಗ ಹೇಗೆ ಬದಲಾಯಿತು, ಕೈ ಎಷ್ಟು ತಿರುಗಿತು ಅನ್ನೋದನ್ನು ಮಾತ್ರ ಅಳೆಯುತ್ತೆ. ಒಂದು ಕ್ಷಣ ತೂಕವೇ ಇಲ್ಲದಂತೆ, ಮರುಕ್ಷಣ ದೊಡ್ಡ ಪೆಟ್ಟು, ಆಮೇಲೆ ಅಲುಗಾಟ ಇಲ್ಲ. ಈ ಮೂರು ಸಾಲಾಗಿ ಬಂದರೆ ಬಿದ್ದಿದ್ದಾರೆ ಅಂತ ಊಹೆ. ಕೈ ಮೇಲೆ ತಟ್ಟಿ ಕೇಳುತ್ತೆ, ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತಾನೇ ಕರೆ ಮಾಡುತ್ತೆ. ನಿಮ್ಮ ಅಪ್ಪ ಬಿದ್ದದ್ದಲ್ಲ, ಜಾರಿ ಕೂತದ್ದು. ಕೆಸರು ಮೆತ್ತಗೆ ಹಿಡಿದಿದೆ, ಜೊತೆಗೆ ಗಿಡ ಹಿಡಿಯೋಕೆ ಕೈ ಆಡಿಸಿದ್ದಾರೆ, ವಾಚ್ ಒತ್ತುತ್ತಲೇ ಇದ್ದರು. ಅದರ ಲೆಕ್ಕದಲ್ಲಿ ಅವರು ಕೆಲಸದಲ್ಲಿದ್ದರು. ನಮ್ಮ ಕಡೆ ಹೆಚ್ಚಿನವರು ಬೀಳೋದೇ ಹೀಗೆ.

ಎರಡನೆಯದು ವಯಸ್ಸು. ಆಪಲ್ ವಾಚ್‌ನಲ್ಲಿ 2018ರಲ್ಲಿ ಇದು ಬಂದಾಗ, ಹುಟ್ಟಿದ ದಿನಾಂಕದ ಪ್ರಕಾರ 65 ದಾಟಿದ್ದರೆ ಮಾತ್ರ ತಾನಾಗಿ ಚಾಲೂ ಆಗುತ್ತಿತ್ತು, ಆಮೇಲೆ ಅದನ್ನು 55ಕ್ಕೆ ಇಳಿಸಿದರು. ಉಳಿದವರು ತಾವೇ ಚಾಲೂ ಮಾಡಿಕೊಳ್ಳಬೇಕು. ನಿಮ್ಮದು ಯಾವ ಕಂಪನಿಯದ್ದೇ ಆಗಲಿ, ಅದು ಚಾಲೂ ಇದೆಯಾ, ಯಾರ ಹುಟ್ಟಿದ ದಿನಾಂಕ ಇದೆ, ಯಾರ ನಂಬರಿಗೆ ಕರೆ ಹೋಗುತ್ತೆ, ಮೂರನ್ನೂ ನೋಡಿ.

ಕಕ್ಕಬ್ಬೆ ಮಗಳು

ನೋಡಿದೆ. ಬೇಗ ಆಗಲಿ ಅಂತ ನನ್ನ ಖಾತೆಯಲ್ಲೇ ಚಾಲೂ ಮಾಡಿಕೊಟ್ಟಿದ್ದೆ. ಅದರಲ್ಲಿ ಅಪ್ಪನ ವಯಸ್ಸು 34. ಪತ್ತೆ ಹಚ್ಚುವುದು ಬಂದ್ ಆಗಿತ್ತು.

ಇದನ್ನು ಓದುವ ಮಕ್ಕಳೆಲ್ಲ ಇವತ್ತೇ ಮನೆಗೆ ಫೋನ್ ಮಾಡಿ ನೋಡಿಸಿ.

ಸೋಮವಾರಪೇಟೆ ಸಿಸ್ಟರ್

ಮಗಳೇ, ಬೇಜಾರು ಮಾಡ್ಕೋಬೇಡಿ. ನಾನು 19 ವರ್ಷದಿಂದ ನರ್ಸ್. ಮಕ್ಕಳು ತಂದೆ ತಾಯಿಗೆ ವಾಚ್ ಕಟ್ಟಿ, ಅದರ ಅಂಕಿ ನೋಡಿ ಹೆದರಿ, ಇಲ್ಲಾ ಧೈರ್ಯ ತಗೊಂಡು ಬರೋದನ್ನು ದಿನಾ ನೋಡ್ತೀನಿ. ಒಂದೆರಡು ವಿಷಯ ಹೇಳಲೇಬೇಕು.

ವಾಚ್ ಹಿಂದೆ ಹಸಿರು ದೀಪ ಮಿನುಗುತ್ತಲ್ಲ, ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತೆ. ಪ್ರತಿ ಬಡಿತಕ್ಕೆ ಮಣಿಕಟ್ಟಿಗೆ ರಕ್ತ ಹೆಚ್ಚು ಬಂದಾಗ ವಾಪಸ್ ಬರುವ ಬೆಳಕು ಕಡಿಮೆ. ಆ ಏರಿಳಿತ ಎಣಿಸೋದೇ ನಾಡಿ. ಜುಲೈಯಲ್ಲಿ ಎರಡು ಗಂಟೆ ಮಳೆಯಲ್ಲಿ ನಿಂತವರ ಕೈ ಮುಟ್ಟಿ ನೋಡಿದ್ದೀರಾ? ಮಂಜುಗಡ್ಡೆ. ಚರ್ಮದ ರಕ್ತನಾಳ ಕುಗ್ಗಿರುತ್ತೆ, ಪಟ್ಟಿ ಸಡಿಲ, ಅದರಡಿ ನೀರು. ಆಗ ಬರೋ ಅಂಕಿಗೆ ಬೆಲೆ ಕೊಡಬೇಡಿ. ಒಳಗೆ ಬಂದು, ಒರೆಸಿಕೊಂಡು, ಒಲೆ ಹತ್ತಿರ ಹತ್ತು ನಿಮಿಷ ಕೂತು ಆಮೇಲೆ ನೋಡಿ.

ಆಮ್ಲಜನಕದ ಅಂಕಿ ಇನ್ನೂ ಸೂಕ್ಷ್ಮ. ಆಸ್ಪತ್ರೆಯಲ್ಲಿ ಬೆರಳಿಗೆ ಹಾಕುವ ಯಂತ್ರವೇ ಕಪ್ಪು ಚರ್ಮದವರಲ್ಲಿ ಇರೋದಕ್ಕಿಂತ ಹೆಚ್ಚು ತೋರಿಸಿಬಿಡುತ್ತೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರದ ಕಣ್ಣಿಗೆ ಬೀಳದ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಇತ್ತು. ಬಿಸಿಲಲ್ಲಿ ಕಣದಲ್ಲಿ ದುಡಿದ ನಮ್ಮವರ ಚರ್ಮಕ್ಕೂ ಈ ಎಚ್ಚರ ಇರಲಿ.

ಇಸಿಜಿ ಇರುವ ವಾಚ್ ಆದರೆ, ಇನ್ನೊಂದು ಕೈಯ ಬೆರಳನ್ನು ಬದಿಯ ಲೋಹದ ಗುಂಡಿ ಮೇಲೆ 30 ಸೆಕೆಂಡ್ ಇಡಬೇಕು. ಎರಡು ಕೈ ನಡುವೆ ಹೃದಯ ಇದೆ, ಹಾಗೆ ಸುತ್ತು ಪೂರ್ತಿಯಾಗುತ್ತೆ. ಅದು ಬಡಿತದ ಲಯ ತಪ್ಪಿದೆಯಾ ಹೇಳಬಹುದು. ಹೃದಯಾಘಾತ ಹೇಳೋಕೆ ಅದಕ್ಕೆ ಬರಲ್ಲ. ಎದೆ ಹಿಂಡಿದರೆ, ಬೆವರು ಕಿತ್ತರೆ, ವಾಚ್ ನೋಡ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ಹೊರಡಿ. ನಮ್ಮ ರಸ್ತೆಯಲ್ಲಿ ಆಸ್ಪತ್ರೆಗೆ ಬರೋ ಹೊತ್ತೇ ಸಾಕಷ್ಟಾಗುತ್ತೆ.

ಮತ್ತೆ ಜಿಗಣೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ಹೋದ ತಿಂಗಳು ಒಬ್ಬರು ಅಜ್ಜ ವಾಚ್ ಬಿಚ್ಚಿದರೆ ಪಟ್ಟಿಯ ಅಡಿ ಎರಡು ಜಿಗಣೆ, ಹೊಟ್ಟೆ ತುಂಬಾ ಕುಡಿದು ಗುಂಡಗಾಗಿದ್ದವು. ಬೆಚ್ಚಗಿನ ಒದ್ದೆ ಜಾಗ ಅವಕ್ಕೆ ಇಷ್ಟ. ಪಟ್ಟಿಯಡಿ ಚರ್ಮ ನೆನೆದು ಬೆಳ್ಳಗಾಗಿ ಕಡಿತವೂ ಶುರುವಾಗುತ್ತೆ. ರಾತ್ರಿ ಬಿಚ್ಚಿ, ಕೈ ಒಣಗಿಸಿ. ನಿದ್ದೆಯ ಲೆಕ್ಕ ಯಾರಿಗೂ ಬೇಡ.

ಸಿಲ್ವರ್ ಓಕ್

ಚರ್ಚೆ ಚೆನ್ನಾಗಿದೆ. ನಮ್ಮದು ಸುಂಟಿಕೊಪ್ಪ ಕಡೆ ಸ್ವಲ್ಪ ದೊಡ್ಡ ತೋಟ. ಮಾಲೀಕರಿಗೆ ಮಾತ್ರ ಯಾಕೆ, ಕೆಲಸದವರಿಗೆಲ್ಲ ಒಂದೊಂದು ಬ್ಯಾಂಡ್ ಕಟ್ಟಿಸೋಣ ಅಂತ ಯೋಚಿಸ್ತಿದ್ದೀನಿ. ಯಾರು ಎಲ್ಲಿದ್ದಾರೆ ಅಂತ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಗೊತ್ತಾಗುತ್ತೆ, ಬಿದ್ದರೆ ಗೊತ್ತಾಗುತ್ತೆ, ಕೆಲಸ ಎಷ್ಟು ಹೊತ್ತು ಆಯಿತು ಅನ್ನೋದೂ ಗೊತ್ತಾಗುತ್ತೆ. ಎಲ್ಲರಿಗೂ ಒಳ್ಳೇದಲ್ಲವಾ?

ಲೈನ್‌ಮನೆ ಹುಡುಗ

ಸಾರ್, ಗೌರವದಿಂದಲೇ ಹೇಳ್ತೀನಿ. ನಾನು ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲು ಮನೆಯಲ್ಲಿ, ಹುಟ್ಟಿ ಬೆಳೆದವನು. ಅಮ್ಮ 30 ವರ್ಷ ಕಾಫಿ ಕುಯ್ದಿದ್ದಾರೆ. ನೀವು ಒಂದೇ ವಾಕ್ಯದಲ್ಲಿ ಎರಡು ಬೇರೆ ಬೇರೆ ವಸ್ತು ಸೇರಿಸಿದಿರಿ. ಬಿದ್ದಾಗ ಕೂಗುವ ಗುಂಡಿ ನನ್ನ ಅಮ್ಮನದು. ಎಷ್ಟು ಹೊತ್ತು ನಿಂತಳು, ಎಲ್ಲಿ ಕೂತಳು ಅಂತ ಹೇಳುವ ಬ್ಯಾಂಡ್ ನಿಮ್ಮದು, ಅವಳ ಕೈಯಲ್ಲಿ ಇರುತ್ತೆ ಅಷ್ಟೇ.

ಕುಯ್ಲಿನ ಲೆಕ್ಕ ಸಂಜೆ ತಕ್ಕಡಿಯಲ್ಲಿ ಆಗುತ್ತೆ. ಎಷ್ಟು ಕೆಜಿ ಕುಯ್ದಳು ಅನ್ನೋದು ಎಲ್ಲರ ಎದುರು, ಅವಳ ಕಣ್ಣೆದುರು ತೂಗುತ್ತೆ. ಒಂದು ಕೆಜಿ ತಪ್ಪಿದರೆ ಅಲ್ಲೇ ಕೇಳಬಹುದು. ಬ್ಯಾಂಡ್ "ಇವಳು 50 ನಿಮಿಷ ಅಲುಗಾಡಲಿಲ್ಲ" ಅಂತ ರೈಟರ್ ಮೊಬೈಲಿಗೆ ಹೇಳಿದರೆ ಅವಳು ಯಾರನ್ನು ಕೇಳಬೇಕು? ಆ 50 ನಿಮಿಷ ಅವಳು ಇರುವೆ ಗೂಡಿದ್ದ ಗಿಡದ ಹತ್ತಿರ ನಿಂತು, ಕೊಂಬೆ ಬಗ್ಗಿಸಿ ಹಿಡಿದು, ಒಂದೊಂದೇ ಹಣ್ಣು ಬಿಡಿಸಿರಬಹುದು. ಮಣಿಕಟ್ಟು ಅಲುಗಲ್ಲ, ಬೆರಳು ಮಾತ್ರ ಆಡುತ್ತೆ. ಆ ಯಂತ್ರಕ್ಕೆ ಅದು ಕೆಲಸ ಅಂತ ಗೊತ್ತಾಗಲ್ಲ.

ಇನ್ನೂ ಒಂದಿದೆ. ಹೆಂಗಸರು ತೋಟದಲ್ಲಿ ಮರೆಗೆ ಹೋಗ್ತಾರೆ. ಎಷ್ಟು ಸಲ, ಎಲ್ಲಿ, ಎಷ್ಟು ಹೊತ್ತು ಅಂತ ಒಬ್ಬ ಗಂಡಸಿನ ಮೊಬೈಲಿನಲ್ಲಿ ಚುಕ್ಕೆ ಕಾಣೋದು ನನಗೆ ಸಹಿಸೋಕೆ ಆಗಲ್ಲ ಸಾರ್. 2023ರಲ್ಲಿ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾನೂನು ಬಂದಿದೆ, ಒಪ್ಪಿಗೆ ಮುಕ್ತವಾಗಿರಬೇಕು ಅಂತ ಅದರಲ್ಲಿದೆ. ಇರೋ ಮನೆಯೂ ತೋಟದ್ದೇ ಆದವರು "ಬೇಡ" ಅಂತ ಹೇಗೆ ಹೇಳ್ತಾರೆ?

ಬ್ಯಾಂಡ್ ಕೊಡಿಸಿ, ಬೇಡ ಅನ್ನಲ್ಲ. ಗುಂಡಿ ಒತ್ತಿದಾಗ ಮಾತ್ರ ಜಾಗ ಗೊತ್ತಾಗುವಂಥದ್ದು ಕೊಡಿಸಿ.

ಸಿಲ್ವರ್ ಓಕ್

ರಾತ್ರಿ ಇದನ್ನು ಎರಡು ಸಲ ಓದಿದೆ. ಮರೆಗೆ ಹೋಗುವ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ, ಬರಬೇಕಿತ್ತು. ಓಡಾಟದ ಲೆಕ್ಕದ ಯೋಚನೆ ಬಿಟ್ಟೆ. ಗುಂಡಿ ಮಾತ್ರ ಇರುವಂಥದ್ದು ಏನಾದರೂ ಇದ್ದರೆ ಹೇಳಿ, ಕೆಲಸದವರನ್ನೂ ಕೂರಿಸಿಕೊಂಡೇ ಆರಿಸ್ತೀನಿ.

ತಂತಿ ತಗಡು

@ಸಿಲ್ವರ್ ಓಕ್ ಸಾರ್, ಲೋರಾ ಅಂತ ರೇಡಿಯೋ ವಿಧಾನ ಇದೆ. ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಚಿಕ್ಕ ಸಂದೇಶ ಕಳಿಸಬಹುದು, ಮೊಬೈಲ್ ಟವರ್ ಬೇಡ. ನಮ್ಮಲ್ಲಿ 865ರಿಂದ 867 ಮೆಗಾಹರ್ಟ್ಸ್ ಇದಕ್ಕೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಬಂಗಲೆ ಮೇಲೆ ಒಂದು ಆಂಟೆನಾ, ಕೆಲಸದವರ ಕೊರಳಿಗೆ ಒಂದು ಗುಂಡಿ. ಗುಡ್ಡ ಅಡ್ಡ ಬಂದರೆ, ದಟ್ಟ ಮರ ಇದ್ದರೆ ದೂರ ಕಡಿಮೆಯಾಗುತ್ತೆ, ಹಾಗಾಗಿ ಮಳೆಗಾಲದಲ್ಲೇ ನಡೆದು ಪರೀಕ್ಷೆ ಮಾಡಬೇಕು. ನಾನು ಬಂದಾಗ ಒಂದು ಕಟ್ಟಿ ತೋರಿಸ್ತೀನಿ.

ಕರಿಮೆಣಸು ಬಳ್ಳಿ

ಉಪಗ್ರಹಕ್ಕೆ ನೇರ ಮೆಸೇಜ್ ಕಳಿಸುವ ಯಂತ್ರ ಇದೆಯಲ್ಲ, ಹೊರದೇಶದಿಂದ ನಮ್ಮ ಭಾವ ತಂದುಕೊಡ್ತೀನಿ ಅಂತಿದ್ದಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ನಮಗೆ ಕರೆಂಟೂ ಇಲ್ಲ, ಟವರೂ ಇಲ್ಲ. ಅಕ್ಕ ಬದುಕಿದ್ದಾರಾ ಅಂತ ತಿಳಿಯೋಕೆ ಎರಡು ದಿನ ಹಿಡೀತು. ಆ ಎರಡು ದಿನ ಮರೆಯೋಕೆ ಆಗಲ್ಲ.

ರಿಪೇರಿ ಅಂಗಡಿ, ಗೋಣಿಕೊಪ್ಪ

ಅಣ್ಣ, ದಯವಿಟ್ಟು ತರಿಸಬೇಡಿ. ಉಪಗ್ರಹ ಫೋನ್ ಆಗಲಿ, ಉಪಗ್ರಹ ಮೆಸೇಜ್ ಯಂತ್ರ ಆಗಲಿ, ಸರ್ಕಾರದ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಚಾರಣಕ್ಕೆ ಬಂದ ಹೊರದೇಶದವರನ್ನೇ ವಿಮಾನ ನಿಲ್ದಾಣದಲ್ಲಿ ಹಿಡಿದಿದ್ದಾರೆ. ಭಾವನಿಗೂ ತೊಂದರೆ, ನಿಮಗೂ ತೊಂದರೆ.

ಕೈಯಲ್ಲಿರುವ ಫೋನನ್ನೇ ಮೊದಲು ಸರಿ ಮಾಡಿಕೊಳ್ಳಿ. 2017ರಿಂದ ಇಲ್ಲಿ ಮಾರುವ ಫೋನ್‌ಗಳಲ್ಲಿ ತುರ್ತು ಗುಂಡಿ ಇರಲೇಬೇಕು ಅಂತ ನಿಯಮ. ಸಾದಾ ಕೀಪ್ಯಾಡ್ ಫೋನ್‌ನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಗುಂಡಿಯನ್ನು ಮೂರು ಸಲ ಬೇಗ ಬೇಗ ಒತ್ತುವುದು. ಈಗಿನ ಹಲವು ಫೋನ್‌ಗಳಲ್ಲಿ ಐದು ಸಲ. ಕರೆ 112ಕ್ಕೆ ಹೋಗುತ್ತೆ, ಮನೆಯವರ ನಂಬರೂ ಸೇರಿಸಬಹುದು. ಅಪ್ಪಯ್ಯನವರ ಜೇಬಿನ ಫೋನಿನಲ್ಲೇ ಇದು ಇತ್ತು, ಗಾಜು ಮುಟ್ಟೋದೇ ಬೇಕಿರಲಿಲ್ಲ. ಯಾರೂ ತೋರಿಸಿಕೊಟ್ಟಿರಲಿಲ್ಲ. ಫೋನ್ ಮಾರುವಾಗ ಹೇಳಿಕೊಡದ ನಮ್ಮಂಥ ಅಂಗಡಿಯವರ ತಪ್ಪೂ ಇದರಲ್ಲಿದೆ. ನಾನು ನಾಳೆಯಿಂದ ಪ್ರತಿ ಗಿರಾಕಿಗೂ ಮಾಡಿ ತೋರಿಸ್ತೀನಿ.

ಅರೆಭಾಷೆ ಅಕ್ಕ

ಎಲ್ಲರೂ ಬಾಯಲ್ಲಿ ಹೇಳಿದರೆ ಸಾಕು ಅಂತಾರೆ, ಅದರ ಬಗ್ಗೆ ಯಾರೂ ಬರೆಯಲಿಲ್ಲ. ಗೂಗಲ್‌ನಲ್ಲಿ ಮಾತು ಕೇಳಿ ಕನ್ನಡ ಬರೆಯುವ ವ್ಯವಸ್ಥೆ 2017ರಲ್ಲಿ ಬಂತು. ನಾನು ದಿನಾ ಬಳಸ್ತೀನಿ, ಈಗ ಚೆನ್ನಾಗಿದೆ. ಆದರೆ ಅದು ಕನ್ನಡ. ಮನೆಯಲ್ಲಿ ನಾವು ಆಡೋದು ಅರೆಭಾಷೆ, ಪಕ್ಕದ ಮನೆಯವರು ಕೊಡವ ತಕ್ಕ್, ಲೈನ್ ಮನೆಯಲ್ಲಿ ಯರವ ಭಾಷೆ, ತುಳು, ಮಲಯಾಳ, ಈಗ ಅಸ್ಸಾಮಿನವರದ್ದೂ. 2011ರ ಜನಗಣತಿಯಲ್ಲಿ ಕೊಡವ ಮಾತೃಭಾಷೆಯವರು ಸುಮಾರು 1 ಲಕ್ಷ 13 ಸಾವಿರ. ಅಷ್ಟು ಜನರಿಗಾಗಿ ಯಾವ ಕಂಪನಿ ಯಂತ್ರಕ್ಕೆ ಮಾತು ಕಲಿಸುತ್ತೆ?

ನೋವಾದಾಗ, ಹೆದರಿದಾಗ ಬಾಯಿಗೆ ಬರೋದು ಕಲಿತ ಭಾಷೆಯಲ್ಲ. ನಮ್ಮ ಅತ್ತೆ ಬಚ್ಚಲಲ್ಲಿ ಜಾರಿದಾಗ "ಅವ್ವಾ" ಅಂದರು, ಅಷ್ಟೇ. ಆ ಕೂಗಿಗೆ ಓಡಿ ಬಂದದ್ದು ಪಕ್ಕದ ಮನೆಯವರು. ಮೇಲೆ ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಒಂದೇ ಕೋಣೆಯಲ್ಲಿ ಕೂತ ನಮಗೇ ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ. ಮೈಕಿಗೆ ಕೇಳುತ್ತಾ? ಗುಂಡಿಗೆ ಭಾಷೆ ಬೇಡ. ನಾನು ಗುಂಡಿಯ ಕಡೆ.

ತಿತಿಮತಿ ಗಡಿ

ಒಂದು ಒಳ್ಳೆಯ ಅನುಭವವನ್ನೂ ಹೇಳ್ತೀನಿ, ಬರೀ ದೂರು ಆಗಬಾರದು.

ನಮ್ಮ ಕಡೆ ಆನೆ ಕಾಟ ಎಲ್ಲರಿಗೂ ಗೊತ್ತು. ಅರಣ್ಯ ಇಲಾಖೆಯವರು ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಎಲ್ಲಿ ಓಡಾಡುತ್ತಿವೆ ಅಂತ ಅದು ತಿಳಿಸುತ್ತೆ. ನೋಡಿ, ಆನೆ ಕೊರಳಲ್ಲೂ ಒಂದು ಕಂಪ್ಯೂಟರ್, ಅದು ಏನೂ ಒತ್ತಬೇಕಿಲ್ಲ. ನಮ್ಮ ಗುಂಪಿಗೆ ಮೆಸೇಜ್ ಬರುತ್ತೆ, ಇಂಥ ಕಡೆ ಆನೆ ಇದೆ, ಹುಷಾರು ಅಂತ. ಆದರೆ ಫೋನ್ ಕೊಪ್ಪೆಯೊಳಗೆ, ಮಳೆ ಸದ್ದು, ಕಳೆ ಕೊಚ್ಚುವ ಯಂತ್ರದ ಸದ್ದು. ಮನೆಗೆ ಬಂದ ಮೇಲೆ ನೋಡಿದರೆ ಮೆಸೇಜ್ ಬಂದು ಎರಡು ಗಂಟೆ ಆಗಿರುತ್ತಿತ್ತು.

ಒಂದು ಸಾದಾ ಬ್ಯಾಂಡ್ ಕಟ್ಟಿಕೊಂಡೆ. ಫೋನಿಗೆ ಜೋಡಿಸಿ, ಉಳಿದ ಎಲ್ಲ ಸೂಚನೆ ಬಂದ್ ಮಾಡಿ, ಆ ಒಂದು ಗುಂಪಿನದ್ದು, ಮನೆಯ ಕಾಲ್, ಇವೆರಡಕ್ಕೆ ಮಾತ್ರ ಅದುರುವಂತೆ ಮಾಡಿದೆ. ಮಣಿಕಟ್ಟು ಎರಡು ಸಲ ಅದುರಿದರೆ ಆನೆ. ನೋಡಬೇಕಿಲ್ಲ, ಒರೆಸಬೇಕಿಲ್ಲ, ಓದಬೇಕಿಲ್ಲ. ಕತ್ತಿ ಹಿಡಿದ ಕೈಯಲ್ಲೇ ಗೊತ್ತಾಗುತ್ತೆ. ಹೋದ ನವೆಂಬರ್‌ನಲ್ಲಿ ಹೀಗೆ ಅದುರಿತು, ಇಬ್ಬರು ಕೆಲಸದವರನ್ನು ಕರೆದುಕೊಂಡು ರಸ್ತೆ ಕಡೆ ಬಂದೆ. ಇಪ್ಪತ್ತು ನಿಮಿಷದ ಮೇಲೆ ನಾವು ನಿಂತಿದ್ದ ಸಾಲಿನಲ್ಲೇ ಹಲಸಿನ ಕೊಂಬೆ ಮುರಿಯುವ ಸದ್ದು ಕೇಳಿಸಿತು.

ಒಂದು ಕಂಡೀಷನ್. ಬೇರೆ ಯಾವುದಕ್ಕೂ ಅದುರಬಾರದು. ಶುರುವಿಗೆ ನಾನು ಎಲ್ಲ ಬಿಟ್ಟಿದ್ದೆ, ಮದುವೆ ಫೋಟೋಗೂ ಅದುರೋದು, ಬ್ಯಾಂಕಿನ ಜಾಹೀರಾತಿಗೂ ಅದುರೋದು. ಒಂದು ವಾರಕ್ಕೆ ಕೈ ಅದನ್ನು ಮರೆತೇಬಿಟ್ಟಿತ್ತು.

ತಂತಿ ತಗಡು

ಈ ಅನುಭವವನ್ನು ನಾನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕಣ್ಣಿಗೆ ಕಟ್ಟುವ ಗೂಗಲ್ ಗ್ಲಾಸ್ 2013ರಲ್ಲಿ 1500 ಡಾಲರ್‌ಗೆ ಬಂತು, ಊರ ಜನಕ್ಕೆ ಮಾರೋದನ್ನು 2015ರಲ್ಲೇ ನಿಲ್ಲಿಸಿದರು. ಅದೇ ಕನ್ನಡಕ ಕಾರ್ಖಾನೆಗಳಲ್ಲಿ, ಎರಡೂ ಕೈಗೆ ಕೆಲಸ ಇರುವವರ ಹತ್ತಿರ 2023ರವರೆಗೂ ಉಳಿಯಿತು. ಬೇಕಾದವರಿಗೆ, ಬೇಕಾದಷ್ಟೇ ಹೇಳಿದರೆ ಜನ ಇಟ್ಟುಕೊಳ್ಳುತ್ತಾರೆ.

@ಕಕ್ಕಬ್ಬೆ ಮಗಳು, ಏನು ಮಾಡಿದಿರಿ?

ಕಕ್ಕಬ್ಬೆ ಮಗಳು

ಶನಿವಾರ ಊರಿಗೆ ಹೋಗಿದ್ದೆ, ಇವತ್ತು ವಾಪಸ್ ಬಂದೆ. ಎಲ್ಲರಿಗೂ ಲೆಕ್ಕ ಒಪ್ಪಿಸ್ತೀನಿ.

ಹಳೆ ವಾಚನ್ನು ಅವ್ವನ ಹೆಸರಲ್ಲಿ, ಅವ್ವನ ವಯಸ್ಸಿನಲ್ಲಿ ಮತ್ತೆ ಚಾಲೂ ಮಾಡಿ ಅವರಿಗೇ ಕೊಡೋಣ ಅಂದೆ. ಅವ್ವ ಬೇಡ ಅಂದರು, ಬಲವಂತ ಮಾಡಲಿಲ್ಲ. ಅಪ್ಪನಿಗೆ ಬದಿಯಲ್ಲಿ ಮೂರು ಗುಂಡಿ ಇರುವ ವಾಚ್ ತಂದೆ. ಅಂಗಡಿಯಲ್ಲಿ ನೀರು ಕೇಳಿದೆ, ಹುಡುಗ ಒಂದು ಕ್ಷಣ ನೋಡಿ ಬಾಟಲಿಯನ್ನೇ ಕೊಟ್ಟ. ಗಾಜಿನ ಟಚ್ ಪೂರ್ತಿ ಬಂದ್ ಮಾಡಿಟ್ಟಿದ್ದೀನಿ. ಕೆಳಗಿನ ಗುಂಡಿ ಒತ್ತಿ ಹಿಡಿದರೆ ಮೂರು ಸಲ ಅದುರುತ್ತೆ, ಆಮೇಲೆ ಜೇಬಿನ ಫೋನ್ ಮೂಲಕ ಅವ್ವನಿಗೂ ನನಗೂ ಸಂದೇಶ. ಫೋನಿನ ಪವರ್ ಗುಂಡಿಯನ್ನೂ ಹೇಳಿಕೊಟ್ಟೆ, ಇಬ್ಬರಿಗೂ.

ಭಾನುವಾರ ಮಳೆಯಲ್ಲೇ ನಾನು, ಅಪ್ಪ ಇಡೀ ತೋಟ ಸುತ್ತಿದೆವು. ಹತ್ತು ಹತ್ತು ಹೆಜ್ಜೆಗೆ ನಿಂತು ಸಿಗ್ನಲ್ ನೋಡಿದೆವು. ತೋಡಿನ ಹತ್ತಿರ, ಅವರು ಬಿದ್ದ ಜಾಗದಲ್ಲಿ, ಏನೂ ಇಲ್ಲ. ವಾಚ್ ಎಷ್ಟೇ ಒಳ್ಳೆಯದಿದ್ದರೂ ಅವತ್ತು ಕರೆ ಹೋಗುತ್ತಿರಲಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ. ಅಂಥ ಮೂರು ಜಾಗ ಸಿಕ್ಕವು. ಅಲ್ಲಿನ ಮರಗಳಿಗೆ ಅಪ್ಪ ಸುಣ್ಣದಲ್ಲಿ ಗುರುತು ಹಾಕಿದರು. ಆ ಗುರುತು ದಾಟುವ ಮೊದಲು ಅವ್ವನಿಗೆ ಒಂದು ಕಾಲ್, ವಾಪಸ್ ಬಂದ ಮೇಲೆ ಒಂದು ಕಾಲ್. ಕೊರಳಿಗೆ ಒಂದು ಸೀಟಿಯನ್ನೂ ಕಟ್ಟಿದ್ದೀನಿ. @ತಂತಿ ತಗಡು ಅಣ್ಣ, ಆ ಆಂಟೆನಾ ನಮ್ಮ ತೋಡಿಗೂ ಆಗುತ್ತಾ ನೋಡಿ.

ಜಗಲಿಯಲ್ಲಿ ಕೂತು ಅಭ್ಯಾಸ ಮಾಡಿಸಿದೆ. ಅಪ್ಪ ಸೂರಿನ ನೀರಿಗೆ ಕೈ ಒಡ್ಡಿ, ಕಣ್ಣು ಬೇರೆ ಕಡೆ ಇಟ್ಟುಕೊಂಡು, ಹೆಬ್ಬೆರಳಲ್ಲಿ ಬದಿ ಸವರಿದರು. ಮೇಲಿನದು, ನಡುವಿನದು, ಕೆಳಗಿನದು. ಅವರ ಮದುವೆಯ ಎಚ್‌ಎಂಟಿಗೆ 40 ವರ್ಷ ಕೀ ಕೊಟ್ಟ ಹೆಬ್ಬೆರಳು ಅದು, ಸಣ್ಣ ಗುಂಡಿ ಹುಡುಕೋಕೆ ಅದಕ್ಕೆ ಯಾರೂ ಕಲಿಸಬೇಕಿರಲಿಲ್ಲ. ಒತ್ತಿ ಹಿಡಿದರು. ಮೂರು ಸಲ ಅದುರಿತು. ಒಳಗೆ ಅಡುಗೆಮನೆಯಲ್ಲಿ ಅವ್ವನ ಫೋನ್ ಬಡಿದುಕೊಂಡಿತು. "ಕೇಳಿಸ್ತು, ಕೇಳಿಸ್ತು" ಅಂತ ಅವ್ವ ಒಳಗಿಂದಲೇ ಕೂಗಿದರು.

ರಿಪೇರಿ ಅಂಗಡಿ, ಗೋಣಿಕೊಪ್ಪ

ತುಂಬಾ ಸಂತೋಷ ಆಯಿತು ಮೇಡಂ. ಒಂದು ವಿಷಯ, ಎಡಗೈಗೆ ಕಟ್ಟಿದ್ದಾರಾ, ಬಲಗೈಗಾ? ಬಲಗೈಗೆ ಕಟ್ಟಿದರೆ ಗುಂಡಿಗಳು ಮೊಣಕೈ ಕಡೆ ತಿರುಗಿ ಎಡ ಹೆಬ್ಬೆರಳಿಗೆ ಸರಿಯಾಗಿ ಸಿಗಲ್ಲ. ಕೆಲವು ವಾಚ್‌ಗಳಲ್ಲಿ ತಲೆಕೆಳಗು ಮಾಡಿ ಕಟ್ಟುವಂತೆ ಬದಲಾಯಿಸಬಹುದು.

ಕಕ್ಕಬ್ಬೆ ಮಗಳು

ಬಲಗೈಗೆ. ಎಡಗೈಯಲ್ಲಿ ಎಚ್‌ಎಂಟಿ ಇದೆ, ಅದನ್ನು ಬಿಚ್ಚಲ್ಲ ಅಂದರು. ತಿರುಗಿಸಿ ಕಟ್ಟೋದು ಇದರಲ್ಲಿ ಬರುತ್ತಾ ಅಂತ ಇವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಜೊತೆಗೆ ಕೂತು ನೋಡ್ತೀನಿ.